ಮೆನೊನೈಟರು ಮತ್ತು ಮಾಧ್ಯಮ: ತೆರೆಯ ಮೇಲೆ ಕಾಣುವವರು ಯಾರು, ಬರೆಯುವವರು ಯಾರು

ಧರ್ಮ ಮತ್ತು ಮಾಧ್ಯಮಗಳ ಸಂಬಂಧವನ್ನು ಓದುತ್ತಿರುವ ಸಹಪಾಠಿಗಳಿಗಾಗಿ, ವಿಷಯ ಮನಸ್ಸಿನಲ್ಲಿ ಹಸಿಯಾಗಿರುವಾಗಲೇ, ಈ ಟಿಪ್ಪಣಿಯನ್ನು ಬರೆದಿಡುತ್ತಿದ್ದೇನೆ. ಇತಿಹಾಸದ ಭಾಗ ಪಠ್ಯಗಳಲ್ಲಿ ಸುಲಭವಾಗಿ ಸಿಗುವುದರಿಂದ ಅದನ್ನು ಚಿಕ್ಕದಾಗಿಸಿದ್ದೇನೆ.

ಹಿನ್ನೆಲೆ

1525ರಲ್ಲಿ ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಲ್ಲಿ ಹುಟ್ಟಿದ ಅನಬ್ಯಾಪ್ಟಿಸ್ಟ್ ಎಂಬ ಕ್ರೈಸ್ತ ಚಳವಳಿಯು ಶಿಶುಗಳ ದೀಕ್ಷಾಸ್ನಾನವನ್ನು ಒಪ್ಪದೆ, ತಿಳಿವಳಿಕೆ ಬಂದ ಮೇಲೆ ಸ್ವಇಚ್ಛೆಯಿಂದ ಪಡೆಯುವ ದೀಕ್ಷೆಯೇ ಸರಿಯೆಂದು ಸಾರಿತು. 1536ರಲ್ಲಿ ಕ್ಯಾಥೊಲಿಕ್ ಪಾದ್ರಿಯ ಹುದ್ದೆಯನ್ನು ತ್ಯಜಿಸಿ ಈ ಕಡೆಗೆ ಬಂದ ಡಚ್ ನಾಯಕ ಮೆನೊ ಸೈಮನ್ಸ್‌ನ ಹೆಸರಿನಿಂದ ಮೆನೊನೈಟರಿಗೆ ಆ ಹೆಸರು ಬಂತು. ಶಸ್ತ್ರ ಹಿಡಿಯದಿರುವುದು ಇವರ ಮುಖ್ಯ ನಂಬಿಕೆಗಳಲ್ಲೊಂದು. 1693ರಲ್ಲಿ ಯಾಕೋಬ್ ಅಮ್ಮಾನ್‌ನ ಅನುಯಾಯಿಗಳು ಬೇರೆಯಾಗಿ ಆಮಿಶರೆನಿಸಿದರು.

ಎಲ್ಲರೂ ಎಡವುವ ಹಂತ: ಆ ಟೋಪಿಯ ಕೆಳಗಿರುವವರು ಯಾರು?

ಕುದುರೆ ಗಾಡಿ, ಅಗಲ ಅಂಚಿನ ಟೋಪಿ, ಮಹಿಳೆಯರ ತಲೆಯ ಮೇಲೆ ಬಿಳಿಯ ಕುಲಾವಿ ಕಂಡೊಡನೆ ಮೆನೊನೈಟರೆಂದು ಬರೆಯುವ ಅಭ್ಯಾಸ ಪತ್ರಿಕೆಗಳಲ್ಲಿಯೂ ವಿದ್ಯಾರ್ಥಿಗಳ ಉತ್ತರಗಳಲ್ಲಿಯೂ ಇದೆ. ಇದನ್ನು ಬಿಡಿಸಿಕೊಳ್ಳದೆ ಮುಂದಿನ ಯಾವ ವಿಶ್ಲೇಷಣೆಯೂ ನಿಲ್ಲುವುದಿಲ್ಲವಾದ್ದರಿಂದ ಇಲ್ಲಿ ನಿಧಾನವಾಗಿ ಹೋಗೋಣ.

ಮೊದಲು ಎರಡು ವಲಸೆಯ ಹಾದಿಗಳನ್ನು ಬೇರ್ಪಡಿಸಬೇಕು. ಸ್ವಿಸ್ ಮತ್ತು ದಕ್ಷಿಣ ಜರ್ಮನ್ ಮೂಲದವರು ಅಮೆರಿಕದ ಪೆನ್ಸಿಲ್ವೇನಿಯಾಕ್ಕೆ ಬಂದರು. ಡಚ್ ಮತ್ತು ಉತ್ತರ ಜರ್ಮನ್ ಮೂಲದವರು ವಿಸ್ಟುಲಾ ನದಿಯ ಬಯಲಿಗೆ, ಅಲ್ಲಿಂದ 1789ರ ಸುಮಾರಿಗೆ ರಷ್ಯಾ ಸಾಮ್ರಾಜ್ಯಕ್ಕೆ, 1870ರ ದಶಕದಲ್ಲಿ ಕೆನಡಾ ಮತ್ತು ಅಮೆರಿಕಕ್ಕೆ ಹೋದರು. ಕೆನಡಾದ ಮ್ಯಾನಿಟೋಬಾ ಮತ್ತು ಸಸ್ಕಾಚವನ್ ಪ್ರಾಂತ್ಯಗಳು ಇಂಗ್ಲಿಷ್ ಮಾಧ್ಯಮದ ಸರಕಾರಿ ಶಾಲೆಯನ್ನು ಕಡ್ಡಾಯಗೊಳಿಸಿದಾಗ, ಓಲ್ಡ್ ಕಾಲೊನಿ ಎಂಬ ಸಂಪ್ರದಾಯಸ್ಥ ಗುಂಪಿನ ಬಹಳಷ್ಟು ಕುಟುಂಬಗಳು 1922ರಿಂದ ಮೆಕ್ಸಿಕೊಗೆ, ಮುಂದೆ ಅವರ ಸಂತತಿಯವರು ಬೊಲಿವಿಯಾಕ್ಕೆ ವಲಸೆ ಹೋದರು. ಮೊದಲ ಹಾದಿಯ ಸಂಪ್ರದಾಯಸ್ಥರ ಮನೆಮಾತು ಪೆನ್ಸಿಲ್ವೇನಿಯಾ ಜರ್ಮನ್. ಎರಡನೆಯ ಹಾದಿಯವರದು ಪ್ಲಾಟ್‌ಡೀಚ್ ಎಂಬ, ಉತ್ತರ ಜರ್ಮನಿಯ ಕಡೆಯ ಆಡುನುಡಿ. ಆದುದರಿಂದ ದೃಶ್ಯವೊಂದನ್ನು ನೋಡುವಾಗ ಉಡುಪಿಗಿಂತ ಮೊದಲು ಕಿವಿಗೊಟ್ಟು ಮಾತನ್ನು ಕೇಳಬೇಕು. ನನಗೆ ಅತ್ಯಂತ ಉಪಯೋಗಕ್ಕೆ ಬಂದ ಉಪಾಯ ಇದು.

ಎರಡನೆಯದಾಗಿ, ಪೆನ್ಸಿಲ್ವೇನಿಯಾದ ಲ್ಯಾಂಕಸ್ಟರ್ ಕೌಂಟಿಯೊಳಗೇ ಆಮಿಶರನ್ನು ಕುದುರೆ ಗಾಡಿ ಬಳಸುವ ಗ್ರಾಫ್‌ಡೇಲ್ ಸಭೆಯ ಓಲ್ಡ್ ಆರ್ಡರ್ ಮೆನೊನೈಟರಿಂದ ಬೇರ್ಪಡಿಸಬೇಕು. ಅಲ್ಲಿನ ಆಮಿಶರ ಗಾಡಿಯ ಮೇಲ್ಭಾಗ ಬೂದು ಬಣ್ಣದ್ದು, ಗ್ರಾಫ್‌ಡೇಲ್‌ನವರದು ಕಪ್ಪು. ಮದುವೆಯಾದ ಆಮಿಶ್ ಗಂಡಸರು ಗಡ್ಡ ಬಿಡುತ್ತಾರೆ, ಗ್ರಾಫ್‌ಡೇಲ್‌ನವರು ಬೋಳಿಸುತ್ತಾರೆ. ಆಮಿಶರು ಸರದಿಯಂತೆ ಒಬ್ಬೊಬ್ಬರ ಮನೆಯಲ್ಲಿ ಆರಾಧನೆಗೆ ಸೇರಿದರೆ, ಇವರು ಅದಕ್ಕೆಂದೇ ಕಟ್ಟಿದ ಸರಳವಾದ ಸಭಾಗೃಹಕ್ಕೆ ಹೋಗುತ್ತಾರೆ. ಇವರು ಸೈಕಲ್ ತುಳಿಯುತ್ತಾರೆ, ಅಲ್ಲಿನ ಆಮಿಶರು ಕಾಲಿನಿಂದ ನೂಕುವ ಸ್ಕೂಟರನ್ನು ಬಳಸುತ್ತಾರೆ. ಗಾಡಿಯ ಬಣ್ಣದ ಈ ನಿಯಮ ಲ್ಯಾಂಕಸ್ಟರ್‌ಗೆ ಮಾತ್ರ ಸಲ್ಲುತ್ತದೆ. ಓಹಾಯೊದ ಆಮಿಶರ ಗಾಡಿಗಳು ಕಪ್ಪಾಗಿರುತ್ತವೆ.

ಮೂರನೆಯದು, ಉತ್ತರಗಳಲ್ಲಿ ಸಾಮಾನ್ಯವಾಗಿ ಬಿಟ್ಟುಹೋಗುವ ಅಂಶ. ಜಗತ್ತಿನಲ್ಲಿ ದೀಕ್ಷೆ ಪಡೆದ ಅನಬ್ಯಾಪ್ಟಿಸ್ಟ್ ಪರಂಪರೆಯವರು ಸುಮಾರು 21 ಲಕ್ಷ. ಅವರಲ್ಲಿ ಅರ್ಧಕ್ಕಿಂತ ಹೆಚ್ಚಿನವರು ಆಫ್ರಿಕಾ, ಏಷ್ಯಾ ಮತ್ತು ಲ್ಯಾಟಿನ್ ಅಮೆರಿಕದಲ್ಲಿದ್ದಾರೆ. ನಮ್ಮ ರಾಯಚೂರಿಗೆ ಹೊಂದಿಕೊಂಡಿರುವ ಗದ್ವಾಲ, ಮಹಬೂಬನಗರದ ಸೀಮೆಯಲ್ಲಿ ತೆಲುಗಿನಲ್ಲಿ ಆರಾಧಿಸುವ, ಮೆನೊನೈಟ್ ಬ್ರದರನ್ ಎಂಬ ಪಂಗಡದ ಸಭೆಗಳಿವೆ. ಇಥಿಯೋಪಿಯಾದ ಮೆಸೆರೆಟೆ ಕ್ರಿಸ್ಟೊಸ್ ಸಭೆ ಈ ಪರಂಪರೆಯ ಅತಿ ದೊಡ್ಡ ಸಭೆಗಳಲ್ಲೊಂದು. ಈ ಎರಡು ಕಡೆಯವರ ಗುರುತು ಕುದುರೆ ಗಾಡಿಯಲ್ಲ. ತೆರೆಯ ಮೇಲೆ ಇವರು ಕಾಣದಿರುವುದಕ್ಕೆ ಅದೇ ಮುಖ್ಯ ಕಾರಣವೆಂದು ನನ್ನ ಅಭಿಪ್ರಾಯ.

ಎರಡು ಚಿತ್ರಗಳ ಹೋಲಿಕೆ

1985ರ ‘ವಿಟ್ನೆಸ್’ ಆಮಿಶರ ಕುರಿತಾದುದು ಎಂಬುದನ್ನು ನೆನಪಿಟ್ಟುಕೊಂಡು ಬದಿಗಿಡಬಹುದು. ಪರೀಕ್ಷೆಗೆ ಹೋಲಿಸಬೇಕಾದವು ಬೇರೆ ಎರಡು. ಕಾರ್ಲೋಸ್ ರೆಗಾದಾಸ್‌ರ 2007ರ ‘ಸೈಲೆಂಟ್ ಲೈಟ್’ ಮೆಕ್ಸಿಕೊದ ಚಿಹುಆಹುಆ ರಾಜ್ಯದ ಮೆನೊನೈಟರ ನಡುವೆ ನಡೆಯುವ ಕಥೆ. ಅದರ ಮಾತುಗಳು ಹೆಚ್ಚಾಗಿ ಪ್ಲಾಟ್‌ಡೀಚ್‌ನಲ್ಲಿವೆ, ನಟಿಸಿದವರಲ್ಲಿ ಹೆಚ್ಚಿನವರು ವೃತ್ತಿನಟರಲ್ಲದ ಮೆನೊನೈಟರು. ಸಾರಾ ಪಾಲಿಯವರ 2022ರ ‘ವಿಮೆನ್ ಟಾಕಿಂಗ್’, ಬೊಲಿವಿಯಾದ ಕಾಲೊನಿಯೊಂದರಲ್ಲಿ ಮಹಿಳೆಯರ ಮೇಲೆ ನಡೆದ ಅತ್ಯಾಚಾರಗಳ ಹಿನ್ನೆಲೆಯಲ್ಲಿ ಮಿರಿಯಮ್ ಟೇವ್ಸ್ ಬರೆದ ಕಾದಂಬರಿಯನ್ನು ಆಧರಿಸಿದ ಇಂಗ್ಲಿಷ್ ಚಿತ್ರ. ಮೊದಲನೆಯದರಲ್ಲಿ ಸಮುದಾಯ ತನ್ನ ಮಾತಿನಲ್ಲಿಯೇ ಇದೆ. ಎರಡನೆಯದರಲ್ಲಿ ಪ್ರಶ್ನೆಯನ್ನು ಸಮುದಾಯದಾಚೆಗೂ ಒಯ್ಯುವ ಉದ್ದೇಶವಿದೆ. ಟೇವ್ಸ್ ಸ್ವತಃ ಮ್ಯಾನಿಟೋಬಾದ ಮೆನೊನೈಟ್ ಊರಾದ ಸ್ಟೈನ್‌ಬಾಕ್‌ನಲ್ಲಿ ಬೆಳೆದವರು ಮತ್ತು ‘ಸೈಲೆಂಟ್ ಲೈಟ್’ನಲ್ಲಿ ನಟಿಸಿದವರು. ಆದ್ದರಿಂದ ಹೊರಗಿನವರ ಚಿತ್ರಣ, ಒಳಗಿನವರ ಚಿತ್ರಣ ಎಂಬ ಎರಡು ಅಂಕಣ ಎಳೆದು ಇವನ್ನು ಹಂಚಲು ಸಾಧ್ಯವಿಲ್ಲ.

ಅವರೇ ಬಳಸಿದ ಮಾಧ್ಯಮ

ಮೆನೊನೈಟರು ಮಾಧ್ಯಮವನ್ನು ದೂರವಿಟ್ಟವರೆಂಬ ಮಾತನ್ನು ಮುದ್ರಣದ ಇತಿಹಾಸವೇ ಅಲ್ಲಗಳೆಯುತ್ತದೆ. ಹಿಂಸೆಗೊಳಗಾದ ಪೂರ್ವಿಕರ ಕಥೆಗಳನ್ನು ಒಟ್ಟುಗೂಡಿಸಿದ ‘ಮಾರ್ಟರ್ಸ್ ಮಿರರ್’ 1660ರಲ್ಲಿ ಡಚ್ ಭಾಷೆಯಲ್ಲಿ ಪ್ರಕಟವಾಯಿತು. 1685ರ ಆವೃತ್ತಿಗೆ ಯಾನ್ ಲೌಕೆನ್ 104 ತಾಮ್ರಫಲಕ ಚಿತ್ರಗಳನ್ನು ಕೊರೆದುಕೊಟ್ಟನು. ಅವುಗಳಲ್ಲಿ ಪ್ರಸಿದ್ಧವಾದುದು ಡಿರ್ಕ್ ವಿಲ್ಲೆಮ್ಸ್‌ನ ಚಿತ್ರ. ಸೆರೆಯಿಂದ ಪಾರಾಗಿ ಓಡುತ್ತಿದ್ದವನು, ಬೆನ್ನಟ್ಟಿ ಬಂದವನ ಕಾಲಡಿಯ ಮಂಜುಗಡ್ಡೆ ಒಡೆದುದನ್ನು ಕಂಡು, ಹಿಂದಿರುಗಿ, ಬಾಗಿ, ನೀರಿನಲ್ಲಿ ಮುಳುಗುತ್ತಿದ್ದ ಅವನತ್ತ ಎರಡೂ ಕೈ ಚಾಚಿದ್ದಾನೆ. ಅವನನ್ನು ಬದುಕಿಸಿದ ಡಿರ್ಕ್ ಮತ್ತೆ ಸೆರೆಸಿಕ್ಕು 1569ರಲ್ಲಿ ಸುಡಲ್ಪಟ್ಟನು. ಅಹಿಂಸೆಯನ್ನು ಮಕ್ಕಳಿಗೆ ವಿವರಿಸಲು ಈ ಒಂದು ಚಿತ್ರ ಇಂದಿಗೂ ಬಳಕೆಯಾಗುತ್ತಿದೆ.

ರೇಡಿಯೊದ ವಿಚಾರದಲ್ಲಿ ತಂತ್ರಜ್ಞಾನ ಒಳ್ಳೆಯದೋ ಕೆಟ್ಟದ್ದೋ ಎಂದು ಕೇಳಿದರೆ ಗೊಂದಲವಾಗುತ್ತದೆ. ಅದು ಮನೆಯೊಳಗೆ ಏನನ್ನು ತರುತ್ತದೆ, ಸಭೆಯನ್ನು ಒಡೆಯುತ್ತದೆಯೋ ಕೂಡಿಸುತ್ತದೆಯೋ ಎಂದು ಕೇಳಿದರೆ ವಿಷಯ ಬಿಡಿಸಿಕೊಳ್ಳುತ್ತದೆ. ಹಲವು ಸಭೆಗಳು ಮನೆಯಲ್ಲಿ ರೇಡಿಯೊ ಇಡುವುದನ್ನು ವಿರೋಧಿಸಿದ್ದವು. ಹಾಗಿದ್ದರೂ 1950ರ ದಶಕದ ಆರಂಭದಲ್ಲಿ ವರ್ಜೀನಿಯಾದ ಹ್ಯಾರಿಸನ್‌ಬರ್ಗ್‌ನಿಂದ ‘ಮೆನೊನೈಟ್ ಅವರ್’ ಪ್ರಸಾರವಾಗತೊಡಗಿತು. ವಾದ್ಯಗಳಿಲ್ಲದ ಅವರ ಸಾಮೂಹಿಕ ಗಾಯನ ಅದರಲ್ಲಿ ಕೇಳಿಬರುತ್ತಿತ್ತು. ಸಾಧನ ಹೊಸದಾದರೂ ದನಿ ಸಭೆಯದೇ ಆಗಿತ್ತು.

ನನಗೆ ಎಲ್ಲಕ್ಕಿಂತ ಪ್ರಿಯವಾದ ಉದಾಹರಣೆ ‘ದಿ ಬಜೆಟ್’. ಓಹಾಯೊದ ಶುಗರ್‌ಕ್ರೀಕ್‌ನಿಂದ 1890ರಿಂದ ಬರುತ್ತಿರುವ ಈ ವಾರಪತ್ರಿಕೆಯಲ್ಲಿ ಆಮಿಶರೂ ಸಂಪ್ರದಾಯಸ್ಥ ಮೆನೊನೈಟರೂ ತಮ್ಮ ತಮ್ಮ ಊರುಗಳಿಂದ ಪತ್ರ ಬರೆಯುತ್ತಾರೆ: ಮಳೆ ಎಷ್ಟು ಬಂತು, ಬೆಳೆ ಹೇಗಿದೆ, ಆರಾಧನೆಗೆ ಎಲ್ಲಿಂದ ಯಾರು ಬಂದಿದ್ದರು, ಯಾರ ಮನೆಯಲ್ಲಿ ಮಗು ಹುಟ್ಟಿತು, ಯಾರು ಹಾಸಿಗೆ ಹಿಡಿದಿದ್ದಾರೆ. ಚಲನಚಿತ್ರಕ್ಕೆ ಬೇಕಾದ ರಹಸ್ಯವಾಗಲಿ ಪಲಾಯನವಾಗಲಿ ಇಲ್ಲಿಲ್ಲ. ಓದುಗರು ಎದುರುನೋಡುವುದು ಬಂಧುಬಳಗದ ಕ್ಷೇಮಸಮಾಚಾರವನ್ನೇ. ಎರಡನೆಯ ವಲಸೆಯ ಹಾದಿಯವರಿಗೆ ಇದೇ ಬಗೆಯ ಸೇವೆಯನ್ನು 1977ರಿಂದ ಸ್ಟೈನ್‌ಬಾಕ್‌ನ ‘ಡೀ ಮೆನೊನಿಟಿಶೆ ಪೋಸ್ಟ್’ ಜರ್ಮನ್‌ನಲ್ಲಿ ಮಾಡುತ್ತಿದ್ದು, ಕೆನಡಾದಲ್ಲಿ ಅಚ್ಚಾಗುವ ಓದುಗರ ಪತ್ರಗಳನ್ನು ಮೆಕ್ಸಿಕೊ ಮತ್ತು ಬೊಲಿವಿಯಾದ ಕಾಲೊನಿಗಳಲ್ಲಿ ಓದುತ್ತಾರೆ.