ಟೆಸ್ಟೇ ಬರೀದ ಹುಡುಗನಿಗೆ 78 ಹೆಂಗೆ ಬಂತು?

ಓದುಗರ ಪ್ರಶ್ನೆ: ಬಳ್ಳಾರಿಯ ಒಂದು ಇಂಜಿನಿಯರಿಂಗ್ ಕಾಲೇಜಿನಾಗೆ ಪಾಠ ಮಾಡ್ತೀನ್ರಿ. ಮೂಡಲ್ (ಆನ್‌ಲೈನ್‌ನಾಗೆ ಪಾಠ, ಮಾರ್ಕ್ಸ್ ನೋಡ್ಕೊಳ್ಳೋ ಸಾಫ್ಟ್‌ವೇರ್) ಗ್ರೇಡ್‌ಬುಕ್ಕಿನಾಗೆ ಕ್ವಿಜ್‌ಗೆ 20, ಅಸೈನ್‌ಮೆಂಟಿಗೆ 30, ಟೆಸ್ಟಿಗೆ 50 ಅಂತ ವೇಟೇಜ್ ಹಾಕೀನಿ. ಇಬ್ರು ಹುಡುಗರಿಗೆ ಕ್ವಿಜ್, ಅಸೈನ್‌ಮೆಂಟ್ ಮಾರ್ಕ್ಸ್ ಒಂದೇ ಐತೆ, ಆದ್ರೆ ಟೆಸ್ಟ್ ಬರೆದವನಿಗೆ 64, ಆಬ್ಸೆಂಟ್ ಆದವನಿಗೆ 78 ತೋರಿಸ್ತೈತೆ. ವೇಟೇಜ್ ತಪ್ಪು ಹಾಕೀನಾ?

ಇಲ್ರಿ, ವೇಟೇಜ್ ಸರಿನೇ ಐತೆ. ಮೊದ್ಲು ಪೆನ್ನು ಹಿಡಿದು ಲೆಕ್ಕ ಮಾಡೋಣ. ಇಬ್ರಿಗೂ ಕ್ವಿಜ್ 100ಕ್ಕೆ 90, ಅಸೈನ್‌ಮೆಂಟ್ 50ಕ್ಕೆ 35 ಅಂದ್ರೆ 70 ಪರ್ಸೆಂಟ್ ಅಂತ ಇಟ್ಕೊಳ್ರಿ, ಬರೆದವನಿಗೆ ಟೆಸ್ಟ್‌ನಾಗೆ 40ಕ್ಕೆ 20, ಅಂದ್ರೆ 50 ಪರ್ಸೆಂಟ್. 90ರಾಗೆ 20 ಪರ್ಸೆಂಟ್ 18, 70ರಾಗೆ 30 ಪರ್ಸೆಂಟ್ 21, 50ರಾಗೆ ಅರ್ಧ 25, ಎಲ್ಲಾ ಕೂಡಿದ್ರೆ 64. ಕರೆಕ್ಟ್. ಇನ್ನು ಆಬ್ಸೆಂಟ್ ಆದವನ ಟೆಸ್ಟ್ ಕಾಲಂ ನೋಡ್ರಿ, ಅಲ್ಲಿ ಸೊನ್ನೆ ಇಲ್ಲ, ಬರೀ ಡ್ಯಾಶ್ ಐತೆ. ಮೂಡಲ್‌ಗೆ ಡ್ಯಾಶ್ ಅಂದ್ರೆ ಈ ಟೆಸ್ಟ್ ಇನ್ನೂ ಆಗಿಲ್ಲ ಅಂತ ಅರ್ಥ, ಹಂಗಾಗಿ ಆ 50ನ್ನ ಲೆಕ್ಕದಿಂದಾನೇ ತೆಗೆದು, ಉಳಿದ 18 ಮತ್ತು 21 ಕೂಡಿ ಬಂದ 39ನ್ನ 50ರಿಂದ ಭಾಗಿಸ್ತದೆ, 78 ಬರ್ತದೆ. ಬರೆದು ಕಡಿಮೆ ತಗೊಂಡವನಿಗಿಂತ ಮನ್ಯಾಗೆ ಮಲಗಿದವನೇ ಮುಂದೆ!

ಇದಕ್ಕೆ ಕಾರಣ 'ಎಕ್ಸ್‌ಕ್ಲೂಡ್ ಎಂಪ್ಟಿ ಗ್ರೇಡ್ಸ್' ಅನ್ನೋ ಟಿಕ್. ಗ್ರೇಡ್‌ಬುಕ್ ಸೆಟಪ್ಪಿಗೆ ಹೋಗಿ ಕೋರ್ಸ್ ಹೆಸರಿನ ಸಾಲಿನಾಗೆ ಎಡಿಟ್ ಕ್ಯಾಟಗರಿ ಒತ್ತಿದ್ರೆ ಸಿಗ್ತದೆ, ಕೆಲವೊಮ್ಮೆ 'ಶೋ ಮೋರ್' ಒಳಗೆ ಅಡಗಿರ್ತದೆ. ಅದನ್ನ ತೆಗೆದ್ರೆ ಡ್ಯಾಶ್ ಎಲ್ಲಾ ಸೊನ್ನೆ ಅಂತ ಲೆಕ್ಕ ಆಗಿ ಆ ಹುಡುಗ 39ಕ್ಕೆ ಇಳೀತಾನೆ. ಆದ್ರೆ ಸೆಮಿಸ್ಟರ್ ನಡುವೆ ಮಾತ್ರ ತೆಗೀಬ್ಯಾಡ್ರಿ, ಇನ್ನೂ ಆಗದ ಟೆಸ್ಟಿಗೂ ಸೊನ್ನೆ ಬಿದ್ದು ಇಡೀ ಕ್ಲಾಸು ಫೇಲ್ ಆದಂಗೆ ಕಾಣ್ತದೆ, ಆಮೇಲೆ ಹುಡುಗರ ಫೋನು, ಅವರಪ್ಪಂದಿರ ಫೋನು ಎಲ್ಲಾ ನಿಮಗೇ. ನನ್ನ ಪ್ರಕಾರ ಟಿಕ್ ಹಂಗೇ ಬಿಟ್ಟು, ಟೆಸ್ಟ್ ಮುಗಿದ ಮೇಲೆ ಆಬ್ಸೆಂಟ್ ಆದವರಿಗೆ ನೀವೇ ಕೈಯಾರೆ ಸೊನ್ನೆ ಹಾಕೋದು ಒಳ್ಳೇದು. ಗ್ರೇಡ್‌ಬುಕ್ಕಿನ 'ಸಿಂಗಲ್ ವ್ಯೂ' ಪುಟದಾಗೆ 'ಬಲ್ಕ್ ಇನ್ಸರ್ಟ್' ಐತೆ, ಖಾಲಿ ಇರೋ ಎಲ್ಲಾ ಕಡೆ ಒಂದೇ ಸಲಕ್ಕೆ 0 ತುಂಬ್ತದೆ. ನಿಜವಾಗ್ಲೂ ಮೆಡಿಕಲ್ ರಜೆ ತಗೊಂಡವನು ಇದ್ರೆ ಅವನೊಬ್ಬನಿಗೆ ಆ ಐಟಂನಾಗೆ 'ಎಕ್ಸ್‌ಕ್ಲೂಡ್' ಟಿಕ್ ಮಾಡಿದ್ರೆ ಮುಗೀತು. 'ಎಕ್ಸ್‌ಕ್ಲೂಡ್ ಎಂಪ್ಟಿ ಗ್ರೇಡ್ಸ್' ಸೆಟ್ಟಿಂಗ್ ಪ್ರತಿ ಕ್ಯಾಟಗರಿಗೂ ಬೇರೆ ಬೇರೆ ಇರ್ತದೆ, ಕೋರ್ಸಿಗೆ ಒಂದು, ಕ್ವಿಜ್ ಕ್ಯಾಟಗರಿಗೆ ಇನ್ನೊಂದು, ಎಲ್ಲಾನೂ ಓಪನ್ ಮಾಡಿ ನೋಡ್ರಿ. ಬದಲಾಯಿಸೋಕೇ ಬರ್ತಿಲ್ಲ ಅಂದ್ರೆ ಅಡ್ಮಿನ್ ಲಾಕ್ ಮಾಡಿರ್ಬೋದು.

ಇದನ್ನ ಹಗುರಾಗಿ ತಗೋಬ್ಯಾಡ್ರಿ ಅನ್ನೋದು ಯಾಕಂದ್ರೆ, ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) 2022 ಸ್ಕೀಮ್‌ನಾಗೆ ಥಿಯರಿ ಪೇಪರಿಗೆ ಸಿಐಇ, ಅಂದ್ರೆ ಕಾಲೇಜೇ ಹಾಕೋ ಇಂಟರ್ನಲ್ ಮಾರ್ಕ್ಸ್, 50, ಅದ್ರಾಗೆ ಕನಿಷ್ಠ 20 ಬೇಕು. ಸ್ಕ್ರೀನ್ ಮೇಲಿನ 78ನ್ನ 50ಕ್ಕೆ ಇಳಿಸಿದ್ರೆ 39 ಮಾರ್ಕ್ಸ್, ಹುಡುಗ ನಿಶ್ಚಿಂತೆ. ಸೊನ್ನೆ ಸೇರಿಸಿದ್ರೆ ಅದೇ ಹುಡುಗನಿಗೆ 19.5. ರೌಂಡ್ ಮಾಡೋದು ಬಿಡೋದು ಬೇರೆ ಮಾತು, ಅವನು ಅಂಚಿನಾಗೆ ನಿಂತಾನೆ ಅಂತ ಸೆಮಿಸ್ಟರ್ ಕೊನೇತನಕ ಯಾರಿಗೂ ಗೊತ್ತೇ ಆಗಿರಲ್ಲ.

ಇನ್ನೊಂದು ಕಡೆನೂ ಜನ ಎಡವ್ತಾರೆ, ಅದು ಅಗ್ರಿಗೇಶನ್, ಅಂದ್ರೆ ಎಲ್ಲಾ ಮಾರ್ಕ್ಸ್ ಕೂಡಿಸಿ ಟೋಟಲ್ ಮಾಡೋ ವಿಧಾನ. ಮೂಡಲ್‌ನಾಗೆ ಏನೂ ಮುಟ್ಟದೆ ಬಿಟ್ರೆ 'ನ್ಯಾಚುರಲ್' ಇರ್ತದೆ, ಅದು ಗರಿಷ್ಠ ಮಾರ್ಕ್ಸ್ ನೋಡಿ ತಾನೇ ವೇಟ್ ಹಂಚ್ತದೆ. ನಮ್ಮ ಲೆಕ್ಕದಾಗೆ ಕ್ವಿಜ್ 100, ಅಸೈನ್‌ಮೆಂಟ್ 50, ಟೆಸ್ಟ್ 40, ಒಟ್ಟು 190, ಅಂದ್ರೆ ಕ್ವಿಜ್ ಒಂದಕ್ಕೇ ಅರ್ಧಕ್ಕಿಂತ ಜಾಸ್ತಿ! 64 ಬರಬೇಕಾದವನಿಗೆ 190ಕ್ಕೆ 145 ಆಗಿ 76.3 ಬರ್ತದೆ. 20-30-50 ಬೇಕಂದ್ರೆ ಕೋರ್ಸ್ ಲೆವೆಲ್ಲಿಗೆ 'ವೇಟೆಡ್ ಮೀನ್ ಆಫ್ ಗ್ರೇಡ್ಸ್' ಆರಿಸ್ರಿ. ಪಕ್ಕದಾಗೇ 'ಸಿಂಪಲ್ ವೇಟೆಡ್ ಮೀನ್' ಅಂತ ಇರ್ತದೆ, ಹೆಸರು ನೋಡಿ ಮೋಸ ಹೋಗ್ಬ್ಯಾಡ್ರಿ, ಅದೂ ಗರಿಷ್ಠ ಮಾರ್ಕ್ಸನ್ನೇ ವೇಟ್ ಅಂತ ತಗೊಂತದೆ.

ವೇಟೆಡ್ ಮೀನ್‌ನಾಗೆ ಒಂದು ಕಿರಿಕಿರಿ ಅಂದ್ರೆ, ನೀವು ಟೆಸ್ಟಿನ ವೇಟ್ 50ರ ಬದಲು 40 ಟೈಪ್ ಮಾಡಿ ಒಟ್ಟು 90 ಆದ್ರೂ ಅದು ಏನೂ ಅನ್ನಲ್ಲ, ಸುಮ್ನೆ 90ರಿಂದ ಭಾಗಿಸಿ 64ರ ಜಾಗದಾಗೆ 65.6 ಕೊಡ್ತದೆ. ಗೂಗಲ್ ಕ್ಲಾಸ್‌ರೂಮ್ ಈ ವಿಷಯದಾಗೆ ವಾಸಿ, ಕ್ಯಾಟಗರಿಗಳು ಕೂಡಿ 100 ಆಗ್ಲೇಬೇಕು ಅಂತ ಹಠ ಹಿಡೀತದೆ.

ಚೆಕ್ ಮಾಡೋಕೆ ಯೂಸರ್ ರಿಪೋರ್ಟ್ ತೆಗೀರಿ, ಅದ್ರಾಗೆ 'ಕ್ಯಾಲ್ಕುಲೇಟೆಡ್ ವೇಟ್' ಅನ್ನೋ ಕಾಲಂ ಐತೆ. ರಾಯಚೂರು ಎಪಿಎಂಸಿಗೆ ಹತ್ತಿ ಒಯ್ದೋರಿಗೆ ಗೊತ್ತು, ನಾವು ಬಾಯಲ್ಲಿ ಹೇಳಿದ ತೂಕಕ್ಕಲ್ಲ, ಕಾಟಾ ತೋರಿಸಿದ ತೂಕಕ್ಕೇ ರೊಕ್ಕ. ಈ ಕಾಲಂ ಆ ಕಾಟಾ. ಆಬ್ಸೆಂಟ್ ಹುಡುಗನ ರಿಪೋರ್ಟ್ ತೆಗೆದ್ರೆ ಕ್ವಿಜ್ 40, ಅಸೈನ್‌ಮೆಂಟ್ 60, ಟೆಸ್ಟ್ ಮುಂದೆ ಸೊನ್ನೆ ವೇಟ್ ಅಂತ ಕಾಣ್ತದೆ, ಕಥೆ ಅಲ್ಲೇ ಗೊತ್ತಾಗ್ತದೆ.

ಅದಕ್ಕಿಂತ ಗಟ್ಟಿ ಚೆಕ್ ಬೇಕಂದ್ರೆ ಒಂದು ಡಮ್ಮಿ ಸ್ಟೂಡೆಂಟ್ ಐಡಿ ಎನ್‌ರೋಲ್ ಮಾಡಿ ಕ್ವಿಜ್‌ನಾಗೆ ಪೂರ್ತಿ ಮಾರ್ಕ್ಸ್, ಉಳಿದದ್ದೆಲ್ಲಾ ಸೊನ್ನೆ ಹಾಕ್ರಿ, ಖಾಲಿ ಬಿಡಬ್ಯಾಡ್ರಿ. ಟೋಟಲ್ 20 ಬರಬೇಕು. ಆಮೇಲೆ ಅಸೈನ್‌ಮೆಂಟ್ ಮಾತ್ರ ಪೂರ್ತಿ ಹಾಕಿದ್ರೆ 30, ಟೆಸ್ಟ್ ಮಾತ್ರ ಹಾಕಿದ್ರೆ 50. 20 ಬರೋ ಕಡೆ 19 ಚಿಲ್ಲರೆ ಬಂದ್ರೆ ಯಾವುದೋ ಹೊಸ ಕ್ವಿಜ್ ಕ್ಯಾಟಗರಿ ಹೊರಗೆ ಬಿದ್ದು ನೇರ ಕೋರ್ಸ್ ಟೋಟಲ್‌ಗೆ ಸೇರ್ಕೊಂಡಿರ್ತದೆ, ಅದನ್ನ ಹುಡುಕಿ ಒಳಗೆ ಹಾಕ್ರಿ. ಕೆಲಸ ಮುಗಿದ ಮೇಲೆ ಡಮ್ಮಿನ ಅನ್‌ಎನ್‌ರೋಲ್ ಮಾಡೋದು ಮರೀಬ್ಯಾಡ್ರಿ, ಇಲ್ಲಾಂದ್ರೆ ಕ್ಲಾಸ್ ಆವರೇಜ್‌ನಾಗೆ ಅವನ ಸೊನ್ನೆನೂ ಕೂಡ್ಕೊಂತವೆ.