ಮತ್ತೂರಿನ ಒಲೆಮುಂದಿನ ಮಾತು

ಶಿವಮೊಗ್ಗದ ಪಕ್ಕ, ತುಂಗೆಯ ದಂಡೆಯಲ್ಲಿರುವ ಮತ್ತೂರು 1980ರ ದಶಕದಿಂದ ಸಂಸ್ಕೃತ ಗ್ರಾಮವೆಂದೇ ಹೆಸರುವಾಸಿ. ಕ್ಯಾಮೆರಾ ಹೊತ್ತವರು ಬರುತ್ತಾರೆ, ಸಂಸ್ಕೃತದ ನಾಲ್ಕು ಮಾತು ತುಂಬಿಕೊಂಡು ಹೋಗುತ್ತಾರೆ. ಅಲ್ಲಿನ ಸಂಕೇತಿ ಮನೆಗಳಲ್ಲಿ ಒಲೆಯ ಮುಂದೆ ಆಡುವ ಮಾತು ಬೇರೆಯೇ ಇದೆ. ತಮಿಳು, ಮಲಯಾಳಗಳ ಬಳಗದಿಂದ ಬಂದು, ತಲೆಮಾರುಗಳಿಂದ ಕನ್ನಡದ ಜೊತೆ ಬಾಳಿದ ಸಂಕೇತಿ ನುಡಿ ಅದು. ಅದಕ್ಕೆ ತನ್ನದೇ ಲಿಪಿಯಿಲ್ಲ, ಶಾಲೆಯಲ್ಲಿ ಜಾಗವಿಲ್ಲ.

ಮಲೆನಾಡಿನ ಇಂಥ ನುಡಿಗಳು ದಾಖಲೆಗಳಿಂದ ಜಾರಿಹೋದದ್ದು ಇಂದು ನಿನ್ನೆಯ ಕಥೆಯಲ್ಲ. ಬ್ರಿಟಿಷ್ ಅಧಿಕಾರಿ ಜಾರ್ಜ್ ಗ್ರಿಯರ್ಸನ್ 1894ರಲ್ಲಿ ಕೈಗೆತ್ತಿಕೊಂಡ ಭಾರತದ ಭಾಷಾ ಸಮೀಕ್ಷೆ 1928ರವರೆಗೆ ನಡೆಯಿತು. ಮದ್ರಾಸ್ ಪ್ರಾಂತ್ಯವನ್ನೂ ಹೈದರಾಬಾದ್, ಮೈಸೂರು ಸಂಸ್ಥಾನಗಳನ್ನೂ ಅದರಿಂದ ಹೊರಗಿಡಲಾಗಿತ್ತು. ಶಿವಮೊಗ್ಗ ಇದ್ದದ್ದು ಮೈಸೂರು ಸಂಸ್ಥಾನದಲ್ಲಿ. 1961ರ ಜನಗಣತಿ 1652 ಮಾತೃಭಾಷೆಗಳ ಪಟ್ಟಿ ಕೊಟ್ಟಿತು. 1971ಕ್ಕೆ ಬರುವಷ್ಟರಲ್ಲಿ, ಹತ್ತು ಸಾವಿರಕ್ಕಿಂತ ಕಡಿಮೆ ಜನರಾಡುವ ನುಡಿಗಳ ಹೆಸರನ್ನು ಪ್ರಕಟಿಸುವುದನ್ನೇ ಕೈಬಿಟ್ಟರು. ಹೆಸರೇ ಇಲ್ಲದ ನುಡಿಯನ್ನು ಯಾವ ವಿದ್ಯಾರ್ಥಿ ಹುಡುಕಿಕೊಂಡು ಹೋಗಬೇಕು? ಸಾಗರ, ಹೊಸನಗರದ ಹವ್ಯಕರ ಮನೆಮಾತಾದ ಹವಿಗನ್ನಡದ್ದು ಇನ್ನೊಂದು ಬಗೆ. ಅದು ಕನ್ನಡದ ಲೆಕ್ಕದೊಳಗೇ ಕರಗಿಹೋಗುತ್ತದೆ.

ಅದೇ 1971ರಲ್ಲಿ ಘಟ್ಟದ ಕೆಳಗಿನ ಕೊರಗರ ಭಾಷೆಯ ಬಗ್ಗೆ ಡಿ.ಎನ್. ಶಂಕರ ಭಟ್ಟರು ಬರೆದ ಪುಸ್ತಕ ಪುಣೆಯ ಡೆಕ್ಕನ್ ಕಾಲೇಜಿನಿಂದ ಹೊರಬಂತು. ಕನ್ನಡ ಬರಹಕ್ಕೆ ಮಹಾಪ್ರಾಣದ ಅಕ್ಷರಗಳು ಬೇಡವೆಂಬ ವಾದದಿಂದಷ್ಟೇ ಭಟ್ಟರನ್ನು ಬಲ್ಲವರು ಈ ಕೆಲಸವನ್ನೂ ನೋಡಬೇಕು.

ಅಂದಿನ ಪದ್ಧತಿಯಲ್ಲಿ ಸಂಶೋಧಕನ ಗುರಿ ವ್ಯಾಕರಣ ಮತ್ತು ಪದಪಟ್ಟಿ. ಈ ಶತಮಾನದಲ್ಲಿ ಭಾಷೆಗಳ ಪಾಲಿಗೆ ಎಂಥ ಗಂಡಾಂತರ ಕಾದಿದೆಯೆಂದು ಅಮೆರಿಕದ ಭಾಷಾವಿಜ್ಞಾನಿ ಮೈಕೆಲ್ ಕ್ರಾಸ್ 1992ರಲ್ಲಿ ಎಚ್ಚರಿಸಿದ ಮೇಲೆ ಗಾಳಿ ಬದಲಾಯಿತು. 1998ರಲ್ಲಿ ಜರ್ಮನಿಯ ಭಾಷಾವಿಜ್ಞಾನಿ ಹಿಮ್ಮೆಲ್‌ಮನ್ ಭಾಷಾ ದಾಖಲೀಕರಣವೇ ಒಂದು ಸ್ವತಂತ್ರ ಶಿಸ್ತೆಂದು ವಾದಿಸಿದರು. ವ್ಯಾಕರಣ ಬರೆದರೆ ಸಾಲದು; ಜಗಳ, ಹರಟೆ, ಜೋಗುಳ, ಗದ್ದೆಯ ಕೂಗು ಎಲ್ಲವೂ ಧ್ವನಿಯಾಗಿ, ದೃಶ್ಯವಾಗಿ ಉಳಿಯಬೇಕು. ಕೆಲವೇ ವರ್ಷಗಳಲ್ಲಿ ಲಂಡನ್ನಿನ ಸೋಯಾಸ್ ವಿಶ್ವವಿದ್ಯಾಲಯ ಇದಕ್ಕೆಂದೇ ಸ್ನಾತಕೋತ್ತರ ಪದವಿ ತೆರೆಯಿತು. ನಮ್ಮಲ್ಲಿ 1969ರಿಂದ ಮೈಸೂರಿನಲ್ಲಿರುವ ಭಾರತೀಯ ಭಾಷಾ ಸಂಸ್ಥಾನಕ್ಕೆ ಅಳಿವಿನಂಚಿನ ಭಾಷೆಗಳ ಯೋಜನೆ ಬಂದದ್ದು 2013ರಲ್ಲಿ. ಅಲ್ಲಿಯೂ ಅಳತೆಗೋಲು ಅದೇ ಹತ್ತು ಸಾವಿರ. ಈ ಬಾರಿ ಮಾತ್ರ ಅದು ಸಣ್ಣ ನುಡಿಗಳನ್ನು ಒಳಗೆ ಕರೆದುಕೊಳ್ಳುವುದಕ್ಕೆ ಬಳಕೆಯಾಯಿತು.

ನಾನು ಕನ್ನಡ ಎಂ.ಎ. ಓದುವಾಗ ಭಾಷಾವಿಜ್ಞಾನ ಒಂದು ಪತ್ರಿಕೆಯಷ್ಟೇ ಆಗಿತ್ತು. ಧ್ವನಿಮಾ, ಆಕೃತಿಮಾ ಎಂದು ಪರಿಭಾಷೆಯನ್ನು ಬಾಯಿಪಾಠ ಮಾಡಿದೆವು. ತರಗತಿಯಲ್ಲಿ ಮೂರು ನಾಲ್ಕು ಮನೆಮಾತಿನವರಿದ್ದರೂ ಒಬ್ಬರ ಮಾತನ್ನೂ ಯಾರೂ ಕರಿಹಲಗೆಯ ಮೇಲೆ ಬರೆಯಲಿಲ್ಲ. ಇದು ನನಗೆ ಈಗಲೂ ನೋವಿನ ಸಂಗತಿ. ಬರೆಯಲು ಎಂಥ ಸರಕಿತ್ತು! ಹವಿಗನ್ನಡದ ‘ಎಂಗೊ’ ಒಂದನ್ನೇ ನೋಡಿ. ಅದರ ಉಚ್ಚಾರ ಊರಿಂದೂರಿಗೆ ಬದಲಾಗುತ್ತದೆ, ‘ಯಂಗ’ ಎನ್ನುವವರೂ ಇದ್ದಾರೆ. ಎದುರಿಗಿರುವವನನ್ನು ಬಿಟ್ಟು ನಾವು ಎನ್ನುವಾಗ ‘ಎಂಗೊ’. ಅವನನ್ನೂ ಸೇರಿಸಿಕೊಂಡರೆ ‘ನಾವು’. ತುಳುವಿನ ‘ಎಂಕುಳು’, ‘ನಮ’ಗಳ ನಡುವೆಯೂ ಇದೇ ಭೇದ. ಬರಹದ ಕನ್ನಡದಲ್ಲಿ ಇದಿಲ್ಲ. ಊಟಕ್ಕೆ ಏಳುವಾಗ ಈ ಎರಡರಲ್ಲಿ ಯಾವ ಪದ ಬಂತು ಎನ್ನುವುದರ ಮೇಲೆಯೇ, ಜಗಲಿಯಲ್ಲಿ ಕುಳಿತ ನೆಂಟನಿಗೆ ತನಗೂ ಎಲೆ ಹಾಕಿದ್ದಾರೋ ಇಲ್ಲವೋ ತಿಳಿಯುತ್ತದೆ. ಪೇಟೆಯಲ್ಲಿ ಬೆಳೆದ ನನ್ನ ಬಳಗದ ಮಕ್ಕಳು ಎರಡಕ್ಕೂ ‘ನಾವು’ ಎನ್ನುತ್ತಾರೆ.

ಪ್ರಶ್ನಾವಳಿ ಹಿಡಿದು ಕೇಳಿದರೆ ಇಂಥದ್ದು ಸಿಗುವುದಿಲ್ಲ. ಕೇಳಿದ ಕೂಡಲೇ ಹಿರಿಯರು ಪುಸ್ತಕದ ಕನ್ನಡಕ್ಕೆ ಹೊರಳುತ್ತಾರೆ. ಮಳೆಗಾಲದಲ್ಲಂತೂ ಹಂಚಿನ ಮೇಲಿನ ಸದ್ದೇ ಧ್ವನಿಮುದ್ರಣವನ್ನು ನುಂಗಿಬಿಡುತ್ತದೆ. ಅಡಿಕೆ ಸುಲಿಯುವ ರಾತ್ರಿಗಳೇ ಒಳ್ಳೆಯ ಕಾಲ. ಮೆಟ್ಟುಗತ್ತಿಯ ಮುಂದೆ ಕುಳಿತವರು ಕೈಕೆಲಸ ನಿಲ್ಲಿಸದೆ ಊರಿನ ಸುದ್ದಿಯನ್ನೆಲ್ಲ ಆಡುತ್ತಾರೆ. ಆಮೇಲೆ ನೆದರ್ಲೆಂಡ್ಸಿನ ನೈಮೇಗನ್‌ನ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯವರು ಉಚಿತವಾಗಿ ಕೊಡುವ ‘ಎಲಾನ್’ ತಂತ್ರಾಂಶದಲ್ಲಿ ಒಂದೊಂದು ವಾಕ್ಯವನ್ನೂ ಧ್ವನಿಗೆ ಹೊಂದಿಸಿ ಬರೆಯಬೇಕು. ಕೆಲವು ನಿಮಿಷಗಳ ಹರಟೆಗೆ ಇಡೀ ದಿನ ಹಿಡಿಯುತ್ತದೆ. ಮನೆಮಾತು ಗೊತ್ತಿದ್ದವರಿಗೆ ಈ ಕೆಲಸ ಬೇಗ ಸಾಗುತ್ತದೆ. ಮೊದಲ ತರಬೇತಿ ಇಲ್ಲಿನ ಎಂ.ಎ. ತರಗತಿಗಳಲ್ಲೇ ಆಗಲಿ ಎಂದು ನಾನು ಹಟ ಹಿಡಿಯುವುದು ಇದಕ್ಕೇ. ಸುಲಿಯಲು ಕುಳಿತ ಅಜ್ಜಿ ಒಂದು ಪದ ಹೇಳಿ ನಕ್ಕರೆ, ಏಕೆ ನಕ್ಕಳೆಂದು ಆ ವಿದ್ಯಾರ್ಥಿಗೆ ಅಲ್ಲೇ ಗೊತ್ತಾಗುತ್ತದೆ.