ಕುಣಿಕೆಗೊಂದು ಸೂಜಿ: ವಿಲಿಯಂ ಲೀ ಕಟ್ಟಿದ ಹೆಣಿಗೆ ಯಂತ್ರ

ಹೆಣಿಗೆ ಯಂತ್ರದ ಚರಿತ್ರೆ ಶುರುವಾಗುವುದು 1589ರಲ್ಲಿ, ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ಬಳಿಯ ಕ್ಯಾಲ್ವರ್ಟನ್ ಹಳ್ಳಿಯ ವಿಲಿಯಂ ಲೀಯಿಂದ. ಮೆಚ್ಚಿದ ಹುಡುಗಿ ಸದಾ ಹೆಣಿಗೆಯಲ್ಲೇ ಮುಳುಗಿರುತ್ತಿದ್ದಳು, ಆ ಸಿಟ್ಟಿಗೆ ಯಂತ್ರ ಕಟ್ಟಿದ ಎಂಬ ಕಥೆಯೊಂದಿದೆ. ಅದಕ್ಕೆ ಆಧಾರವಿಲ್ಲ. ಅವನ ನಿಜವಾದ ಹೆಚ್ಚುಗಾರಿಕೆಯನ್ನೂ ಆ ಕಥೆ ಮರೆಮಾಡುತ್ತದೆ.

ಕೈಹೆಣಿಗೆಯಲ್ಲಿ ಕುಣಿಕೆಗಳೆಲ್ಲ ಒಂದೇ ಕಡ್ಡಿಯ ಮೇಲಿರುತ್ತವೆ. ಒಂದೊಂದನ್ನೇ ಇನ್ನೊಂದು ಕಡ್ಡಿಗೆ ದಾಟಿಸಬೇಕು. ಲೀ ಪ್ರತಿ ಕುಣಿಕೆಗೂ ಬೇರೆ ಸೂಜಿ ಕೊಟ್ಟ. ಆ ಸೂಜಿಯ ತುದಿ ಹಿಂದಕ್ಕೆ ಬಾಗಿ ಉದ್ದನೆಯ ಕೊಕ್ಕೆಯಾಗಿರುತ್ತದೆ. ಅದುಮಿದರೆ ಕೊಕ್ಕೆಯ ಮೊನೆ ಸೂಜಿಯ ಮೈಯಲ್ಲಿರುವ ತೋಡಿನೊಳಗೆ ಹುದುಗುತ್ತದೆ, ಬಿಟ್ಟರೆ ಮತ್ತೆ ತೆರೆದುಕೊಳ್ಳುತ್ತದೆ.

ಕೆಲಸ ಸಾಗುವುದು ಹೀಗೆ. ಸೂಜಿಸಾಲಿನ ಮೇಲೆ ನೂಲನ್ನು ಅಡ್ಡಲಾಗಿ ಹಾಸುತ್ತಾರೆ. ಸೂಜಿಗಳ ಸಂದಿನಲ್ಲಿ ಸಿಂಕರ್ ಎಂಬ ತೆಳು ಲೋಹದ ಪಟ್ಟಿಗಳು ಇಳಿದು ನೂಲನ್ನು ಕುಣಿಕೆಗಳಾಗಿ ತಗ್ಗಿಸುತ್ತವೆ. ಹೊಸ ಕುಣಿಕೆಗಳನ್ನು ಮುಂದೆ ತಂದು ಕೊಕ್ಕೆಗಳೊಳಗೆ ಸೇರಿಸಿ, ಅಡ್ಡಪಟ್ಟಿಯೊಂದರಿಂದ ಎಲ್ಲ ಕೊಕ್ಕೆಗಳನ್ನೂ ಒಟ್ಟಿಗೆ ಅದುಮುತ್ತಾರೆ. ಹಿಂದಿನ ಸಾಲಿನ ಕುಣಿಕೆಗಳು ಮುಚ್ಚಿದ ಕೊಕ್ಕೆಗಳ ಮೇಲೆ ಜಾರಿ ಕಳಚುತ್ತವೆ. ಅಲ್ಲಿಗೆ ಒಂದು ಸಾಲು ಮುಗಿಯಿತು.

ಇದರಲ್ಲಿ ಸೂಕ್ಷ್ಮವಿರುವುದು ಸಿಂಕರ್ ಇಳಿಯುವ ರೀತಿಯಲ್ಲಿ. ಎಲ್ಲವೂ ಒಮ್ಮೆಗೇ ಇಳಿದರೆ ನಡುವಿನ ಕುಣಿಕೆಗಳಿಗೆ ಬೇಕಾದ ನೂಲು ಎಲ್ಲಿಂದಲೂ ಹರಿದು ಬರಲಾಗದೆ ತುಂಡಾಗುತ್ತದೆ. ಆದ್ದರಿಂದ ಅವು ಒಂದರ ಹಿಂದೊಂದು ಇಳಿಯಬೇಕು. ಕೊಕ್ಕೆ ಬಾಗಿ ಪೂರ್ತಿ ಮುಚ್ಚದಿದ್ದರೆ ಹಳೆಯ ಕುಣಿಕೆಯೂ ಒಳಗೇ ಸಿಕ್ಕಿ ಬಟ್ಟೆ ಗಂಟಾಗುತ್ತದೆ; ಮುರಿದರೆ ಕುಣಿಕೆ ಜಾರಿ ಉದ್ದಕ್ಕೂ ಏಣಿಯಂತೆ ಬಿಚ್ಚಿಕೊಳ್ಳುತ್ತದೆ.

ಮೊದಲ ಯಂತ್ರದಲ್ಲಿ ಅಂಗುಲಕ್ಕೆ 8 ಸೂಜಿಗಳಿದ್ದವು. ದಪ್ಪ ಉಣ್ಣೆಯ ಕಾಲುಚೀಲಕ್ಕಷ್ಟೇ ಅದು ಸಾಕಾಗುತ್ತಿತ್ತು. ರಾಣಿ ಒಂದನೇ ಎಲಿಜಬೆತ್ ಪೇಟೆಂಟ್ ಕೊಡಲಿಲ್ಲ. ಕೈಹೆಣಿಗೆಯವರ ಹೊಟ್ಟೆಪಾಡು ಹೋದೀತೆಂಬ ಆತಂಕವೇ ಕಾರಣ ಎನ್ನುತ್ತಾರೆ. ಲೀ ಛಲ ಬಿಡದೆ ಅಂಗುಲಕ್ಕೆ 20 ಸೂಜಿ ಕೂರಿಸಿ ರೇಷ್ಮೆಯನ್ನೂ ಹೆಣೆದ. ಒಬ್ಬನ ಬಾಳಿನಲ್ಲೇ ಇಷ್ಟು ನಯಕ್ಕೆ ಮುಟ್ಟಿದ್ದು ಸಣ್ಣ ಸಾಧನೆಯಲ್ಲ. ಆದರೂ ಪೇಟೆಂಟ್ ಸಿಗಲಿಲ್ಲ. ಫ್ರಾನ್ಸಿನ ದೊರೆ ನಾಲ್ಕನೇ ಹೆನ್ರಿಯ ಆಸರೆ ನಂಬಿ ಅಲ್ಲಿನ ರುವಾನ್‌ಗೆ ಹೋದ. 1610ರಲ್ಲಿ ಹೆನ್ರಿಯ ಕೊಲೆಯಾಗಿ ಆ ಬೆಂಬಲವೂ ತಪ್ಪಿತು. ಸುಮಾರು 1614ರಲ್ಲಿ ಲೀ ತೀರಿಕೊಂಡ.

ತಮ್ಮ ಜೇಮ್ಸ್ ಯಂತ್ರಗಳೊಂದಿಗೆ ಇಂಗ್ಲೆಂಡಿಗೆ ಮರಳಿದ. ಲೀಯ ಶಿಷ್ಯ ಆಸ್ಟನ್ ಮಾಡಿದ ಸುಧಾರಣೆ ದೊಡ್ಡದು: ಸಿಂಕರ್‌ಗಳಲ್ಲಿ ಒಂದು ಬಿಟ್ಟು ಒಂದು ಮಾತ್ರ ಸರದಿಯಲ್ಲಿ ಇಳಿದು ದೊಡ್ಡ ಕುಣಿಕೆ ಮಾಡಿದರೆ, ಉಳಿದವು ಒಟ್ಟಿಗೆ ಇಳಿದು ಅದನ್ನು ಎರಡಾಗಿ ಸಮನಾಗಿ ಹಂಚುತ್ತಿದ್ದವು. 1759ರಲ್ಲಿ ಜೆಡಿಡಯಾ ಸ್ಟ್ರಟ್ ಎರಡನೆಯ ಸೂಜಿಸಾಲು ಸೇರಿಸಿ, ಹಿಗ್ಗಿ ಕುಗ್ಗುವ ಏಣುಗಳ ಬಟ್ಟೆಯನ್ನೂ ಯಂತ್ರಕ್ಕೆ ತಂದ.

ಅದುಮುವ ಪಟ್ಟಿಯ ಅಗತ್ಯವನ್ನೇ ಕಳೆದದ್ದು ಲೆಸ್ಟರಿನ ಮ್ಯಾಥ್ಯೂ ಟೌನ್ಸೆಂಡ್ 1849ರಲ್ಲಿ ಪೇಟೆಂಟ್ ಪಡೆದ ಚಿಲಕದ ಸೂಜಿ. ಅಲ್ಲಿ ಜಾರುವ ಹಳೆಯ ಕುಣಿಕೆಯೇ ಚಿಲಕವನ್ನು ಮುಚ್ಚುತ್ತದೆ. ಆದರೆ ಅಷ್ಟು ಸಣ್ಣ ಚಿಲಕ ಕೂರಿಸುವುದು ಕಷ್ಟವಾದ್ದರಿಂದ ನಯವಾದ ಹೆಣಿಗೆಗೆ ಹಳೆಯ ಕೊಕ್ಕೆಯೇ ಉಳಿಯಿತು. 1864ರಲ್ಲಿ ಲಫ್‌ಬರೋದ ವಿಲಿಯಂ ಕಾಟನ್ ಪೇಟೆಂಟ್ ಪಡೆದ ಯಂತ್ರ ಹಲವು ತುಂಡುಗಳನ್ನು ಆಕಾರಕ್ಕೆ ತಕ್ಕಂತೆ ಒಟ್ಟಿಗೇ ಹೆಣೆಯುತ್ತಿತ್ತು. ಅದರಲ್ಲೂ ಇದ್ದದ್ದು ಲೀಯ ಮಾದರಿಯ ಸೂಜಿಗಳೇ.